ಹಡಗಿನಾಗ ಎಲ್ಲಿ ಮಲಗೂದು

ಹಡಗಿನಲ್ಲಿ ಎಲ್ಲಿ ಮಲಗಬೇಕು ಎಂಬುದನ್ನು ನಿಶ್ಚಯಿಸಲು ನಮ್ಮವರಿಗೆ ಒಂದು ತಿಂಗಳು ಹಿಡಿಯಿತು. ಆಗಿನ್ನೂ ಅವರು ಹಡಗನ್ನು ಕಂಡಿರಲಿಲ್ಲ, ಸಮುದ್ರವನ್ನೂ ಕಂಡಿರಲಿಲ್ಲ. ನನ್ನ ಗಂಡ ಗಜೇಂದ್ರಗಡದಲ್ಲಿ ಹುಟ್ಟಿ ಬೆಳೆದ ಮನುಷ್ಯ. ಮಳೆಗಾಲದಲ್ಲಿ ಹಳ್ಳಕ್ಕೆ ಮೊಳಕಾಲುದ್ದ ನೀರು ಬಂದರೂ ಬಂಡಿ ನಿಲ್ಲಿಸಿ, ದಾಟಬೇಕೋ ಬೇಡವೋ ಎಂದು ಎತ್ತುಗಳ ಮುಖ ನೋಡುತ್ತಿದ್ದರು. ಅಂಥವರಿಗೆ ಸಮುದ್ರ ದಾಟಿ ಮುಂಬಯಿಗೆ ಹೋಗುವ ಪ್ರಸಂಗ ಬಂತು.

ಇದು ನರಗುಂದದಲ್ಲಿ ಬಂಡಾಯ ಏಳುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ನಮ್ಮದು ಹತ್ತಿ ವ್ಯಾಪಾರದ ಮನೆ. ರೋಣ, ಸವಡಿ, ಜಕ್ಕಲಿ ಸುತ್ತಿನ ಹತ್ತಿ ಕೊಂಡು, ಅಂಡಿಗೆ ಎನ್ನುವ ದೊಡ್ಡ ಮೂಟೆ ಕಟ್ಟಿ, ಬಂಡಿಗಳಲ್ಲಿ ಹೇರಿ ಕುಮಟೆಯ ಬಂದರಿಗೆ ಕಳಿಸುತ್ತಿದ್ದೆವು. ಅಲ್ಲಿಂದ ಅದು ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯಲ್ಲಿ ಮನೆಯವರೇ ಒಬ್ಬರು ಕೂತು ಮಾಲು ನೋಡಿಕೊಳ್ಳಬೇಕೆಂದು ಮಾವನವರಿಗೆ ಅನಿಸಿತು. ಮೂವರು ಗಂಡುಮಕ್ಕಳಲ್ಲಿ ನಡುವಿನವರಾದ ನಮ್ಮವರನ್ನು ಆರಿಸಿದರು. ಐದು ವರ್ಷ ಅಲ್ಲಿರಬೇಕು ಎಂದರು. ಪರ ಊರಲ್ಲಿ ಒಲೆ ಹೂಡಿ, ಅಲ್ಲಿಯ ಅಡಿಗೆಯವನಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿ ಬರಲು ಅತ್ತೆಯೂ ಹೊರಟರು. ಅತ್ತೆಯ ಕೈಕೆಳಗೆ ಕೆಲಸಕ್ಕೆ ನಾನು. ಒಂದು ತಿಂಗಳಾದ ಮೇಲೆ ಅತ್ತೆ ಸೊಸೆ ತಿರುಗಿ ಬರುವುದು, ನಮ್ಮವರು ಅಲ್ಲೇ ಉಳಿಯುವುದು ಎಂದು ಮಾತಾಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಆ ಮನೆಯಲ್ಲಿ ಸೊಸೆಯಂದಿರನ್ನು ಕೇಳುವ ರೂಢಿ ಇರಲಿಲ್ಲ, ಅದಕ್ಕೆ ನಾನು ಬೇಜಾರು ಮಾಡಿಕೊಳ್ಳಲೂ ಇಲ್ಲ. ಆದರೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಗಂಡ ಐದು ವರ್ಷ ದೂರ ಇದ್ದರೆ ಮಕ್ಕಳಿಲ್ಲದ ಸೊಸೆಗೆ ಅಷ್ಟು ದೊಡ್ಡ ಮನೆಯಲ್ಲಿ ಎಷ್ಟು ಜಾಗ ಉಳಿದೀತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನನಗೆ ಒಂದೇ ಮಾತು ತಿಳಿಯಬೇಕಿತ್ತು. ನಾನು ಮುಂಬಯಿಯಲ್ಲಿ ತಮ್ಮ ಜೊತೆ ಉಳಿಯಬೇಕೆಂದು ನನ್ನ ಗಂಡನಿಗೆ ಇದೆಯೋ ಇಲ್ಲವೋ. ಇದೆ ಅಂದರೆ ನಾನು ಯಾರ ಜೊತೆ ಬೇಕಾದರೂ ಜಗಳ ಆಡಲು ಸಿದ್ಧಳಿದ್ದೆ. ಇಲ್ಲ ಅಂದರೆ ಬಾಯಿ ಮುಚ್ಚಿಕೊಂಡು ತಿರುಗಿ ಬರುತ್ತಿದ್ದೆ.

ಕೇಳಿಬಿಡಬಹುದಿತ್ತಲ್ಲ ಎಂದು ಈಗಿನ ಹೆಣ್ಣುಮಕ್ಕಳು ಸುಲಭವಾಗಿ ಅನ್ನುತ್ತಾರೆ. ಇಪ್ಪತ್ತಾರು ಮಂದಿಯ ಮನೆ ಅದು. ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವಂತಿಲ್ಲ, ಮತ್ತು ಆ ಮನೆಯಲ್ಲಿ ಹಿರಿಯರು ಇಲ್ಲದ ಮೂಲೆಯೇ ಇರಲಿಲ್ಲ. ಹತ್ತಿ ಸುಗ್ಗಿ ಸುರುವಾದ ಮೇಲಂತೂ ನಮ್ಮವರು ಬೆಂಕಿಯ ಭಯಕ್ಕೆ ವಖಾರಿಯಲ್ಲೇ ಹತ್ತಿ ಕಾಯುತ್ತ ಮಲಗುತ್ತಿದ್ದರು. ಮುಂಬಯಿಯಲ್ಲಿ ಒಲೆ ಹೂಡುವುದೂ ಮತ್ತೆ ನಂಟರು ತುಂಬಿದ ಮನೆಯ ಒಂದು ಮೂಲೆಯಲ್ಲೇ. ಹೀಗಾಗಿ ನನ್ನ ಆಸೆಯೆಲ್ಲ ಹಡಗಿನ ಮೇಲೆ ನಿಂತಿತು. ಗಾಳಿ ಒಲಿದರೆ ಐದಾರು ದಿನದ ದಾರಿ, ಮುನಿದರೆ ಹತ್ತು ದಿನ. ಗಾಳಿ ಮುನಿಯಲಪ್ಪ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ.

ಕುಮಟೆಯಿಂದ ನಮ್ಮ ದಲಾಲರ ಪತ್ರ ಬಂತು. ಹಡಗಿನಲ್ಲಿ ಮಂದಿಗೆ ಮೂರು ತರದ ಜಾಗ ಉಂಟು, ಯಾವುದು ಬೇಕು ತಿಳಿಸಿರಿ ಎಂದು ಬರೆದಿದ್ದರು. ಒಂದು, ಕೆಳಗೆ ಒಡಲಿನಲ್ಲಿ, ಹತ್ತಿ ಅಂಡಿಗೆಗಳ ನಡುವೆ. ಎರಡನೆಯದು, ಹಿಂದುಗಡೆ ಇಬ್ಬರು ಮಲಗುವಂಥ ಒಂದು ಹಲಗೆಯ ಕೋಣೆ, ಅದಕ್ಕೊಂದು ಸಣ್ಣ ಕಿಟಕಿ. ಮೂರನೆಯದು, ಮೇಲೆ ಬಯಲಲ್ಲಿ, ಚಾಪೆಯ ನೆರಳಿನ ಕೆಳಗೆ.

ಆ ಪತ್ರ ಬಂದದ್ದೇ ತಡ, ನಮ್ಮವರು ಊರೂರು ತಿರುಗಲು ಹತ್ತಿದರು. ಸವಡಿಯಲ್ಲಿ ಅವರ ಸೋದರಮಾವ ಒಮ್ಮೆ ತುಂಬಿದ ಮಲಪ್ರಭೆಯನ್ನು ಹರಗೋಲಿನಲ್ಲಿ ದಾಟಿದ್ದರು. ಬಿದಿರು ಹೆಣೆದು ತೊಗಲು ಹೊದಿಸಿದ ಆ ದುಂಡನೆಯ ಬುಟ್ಟಿಯ ಅನುಭವದಿಂದ, ಹಡಗಿನಲ್ಲಿ ನಟ್ಟನಡುವೆ ಕೂಡಬೇಕು, ಅಂಚಿಗೆ ಕೂತರೆ ಮಗುಚುತ್ತದೆ ಎಂದರು. ಜಕ್ಕಲಿಯ ದೊಡ್ಡಪ್ಪ, ಕೋಣೆಯೇ ಬೇಡ, ಕೋಣೆಯಲ್ಲಿ ಕೂತವನಿಗೆ ಹಡಗು ಮುಳುಗಿದ್ದು ಎಲ್ಲರಿಗಿಂತ ಕೊನೆಗೆ ಗೊತ್ತಾಗುತ್ತದೆ ಎಂದರು. ರೋಣದ ಒಬ್ಬ ಹಿರಿಯರು ಗೋಕರ್ಣಕ್ಕೆ ಹೋದಾಗ ಸಮುದ್ರದಲ್ಲಿ ಪಾದ ತೊಯಿಸಿ ಬಂದವರು. ಪಾದ ತೊಯಿಸಿದ ಮೇಲೆ ಹೇಳಲು ಹಕ್ಕು ಬಂದಿತ್ತಲ್ಲ, ಅವರು ಅರ್ಧ ದಿನ ಹೇಳಿದರು. ಎತ್ತು ಏರಿಗೆ, ಕೋಣ ನೀರಿಗೆ. ನಮ್ಮವರು ಎಲ್ಲವನ್ನೂ ಕೇಳಿಕೊಂಡು ಬಂದು ಪಡಸಾಲೆಯಲ್ಲಿ ಹೇಳುತ್ತಿದ್ದರು, ನಾನು ನಡುಮನೆಯ ಬಾಗಿಲ ಹಿಂದೆ ಅಕ್ಕಡಿ ಕಾಳು ಹಸನು ಮಾಡುತ್ತ ಕೇಳಿಸಿಕೊಳ್ಳುತ್ತಿದ್ದೆ.

ನರಗುಂದದಲ್ಲಿ ಬಟ್ಟೆ ವ್ಯಾಪಾರದ ಸಾಹೇಬರೊಬ್ಬರು ಇದ್ದರು. ಎರಡು ಸಲ ಹಡಗಿನಲ್ಲಿ ಮುಂಬಯಿಗೆ ಹೋಗಿ ಬಂದವರು. ಅವರು ಒಂದೇ ಮಾತಿನಲ್ಲಿ ಮುಗಿಸಿದರು.

"ಮ್ಯಾಲೆ ಮಲಗ್ರಿ. ಗಾಳಿ ಇರತದ. ಒಳಗ ಹೋದವರು ತಿಂದದ್ದನ್ನ ಹೊಟ್ಟ್ಯಾಗ ಇಟಗೊಳ್ಳೂದಿಲ್ಲ."

ಸುತ್ತಮುತ್ತ ಹಡಗು ಕಂಡವರು ಅವರೊಬ್ಬರೇ. ಅವರ ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟು ಸಣ್ಣ ಮಾತು ಖರೇ ಇರಲಿಕ್ಕಿಲ್ಲ ಎಂದು ನಮ್ಮ ಪಡಸಾಲೆ ತೀರ್ಮಾನ ಮಾಡಿತು.

ನನ್ನ ವಿಚಾರ ಸರಳವಿತ್ತು. ಕೋಣೆಯಲ್ಲಿ ಇಬ್ಬರಿಗೆ ಜಾಗ. ಅತ್ತೆಗೆ ಇಕ್ಕಟ್ಟಿನಲ್ಲಿ ಆಗದು ಎಂದು ಹೇಳಿ ಅತ್ತೆಯನ್ನು ಮೇಲೆ ಗಾಳಿಗೆ ಮಲಗಿಸಿದರೆ, ಕೋಣೆ ನಮ್ಮಿಬ್ಬರಿಗೆ. ಒಂದು ದಿನ ಸಿಕ್ಕರೆ ಸಾಕು, ಅರ್ಧ ದಿನವಾದರೂ ಸಾಕು. ಗಂಡಸಿಗೆ ಇಷ್ಟು ಹೊಳೆಯಬಾರದೇ ಎಂದು ಕಾಳಿನೊಳಗಿನ ಹರಳನ್ನು ಸಿಟ್ಟಿನಿಂದ ಅಂಗಳಕ್ಕೆ ಎಸೆಯುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಈಗಲೂ.

ತಿಂಗಳು ಅಳೆದು ಸುರಿದು, ಹೊರಡುವ ಹಿಂದಿನ ದಿನ ನಮ್ಮವರು ಪಡಸಾಲೆಯಲ್ಲಿ ಹೇಳಿದರು. "ಅವ್ವಾ ಮತ್ತ ಹೆಣ್ಣಮಕ್ಕಳು ಕೆಳಗ, ಅಂಡಿಗಿ ನಡುವ. ನಾ ಮ್ಯಾಲೆ." ಹೆಣ್ಣುಮಕ್ಕಳು ಅಂದರೆ ನಾನು ಒಬ್ಬಳೇ. ಮನೆಯವರೆಲ್ಲ ತಲೆದೂಗಿದರು. ನಾನು ಬಾಗಿಲ ಹಿಂದೆ ಮೊರ ಕುಕ್ಕಿದೆ.

ಅವರು ತಲೆದೂಗಿದ್ದಕ್ಕೆ ಕಾರಣವಿತ್ತು. ನಮ್ಮ ಎರೆಸೀಮೆಯ ಮನೆಗಳಲ್ಲಿ ಒಳಗೆ ಹೋದಷ್ಟೂ ಮರ್ಯಾದೆ. ಬಂದು ಹೋಗುವವರಿಗೆ ಕಟ್ಟೆ, ಪರಿಚಯದವರಿಗೆ ಪಡಸಾಲೆ, ಬೀಗರಿಗೆ ನಡುಮನೆ. ಅದರಾಚೆ ಬೆಳಕೂ ಗಾಳಿಯೂ ಬಾರದ ಕತ್ತಲ ಕೋಣೆಯಲ್ಲಿ ದೇವರು, ಕಾಳು ಮತ್ತು ಮನೆಯ ಹಿರಿಯ ಹೆಣ್ಣುಮಗಳು. ಹಡಗಿಗೂ ಅದೇ ನ್ಯಾಯ ಹಚ್ಚಿದರು. ಬಹಳ ಒಳಗಿನದು ಯಾವುದು, ಬಹಳ ಕತ್ತಲಿನದು ಯಾವುದು, ಅದು ಅತ್ತೆಯದು. ಅಲ್ಲದೆ ಸುತ್ತ ಇರುವುದು ಮನೆಯ ಹತ್ತಿ. ನಮ್ಮವರೂ ಊರವರ ಹಾಗೆಯೇ ಯೋಚಿಸಿದರು ಎಂದುಕೊಂಡೆ.

ಹನ್ನೆರಡು ದಿನ ಬಂಡಿಯಲ್ಲಿ ಕುಂತು, ಘಟ್ಟ ಇಳಿದು ಕುಮಟೆ ಮುಟ್ಟಿದೆವು. ದಾರಿಯುದ್ದಕ್ಕೂ ನಾನು ಅತ್ತೆಯ ಬಂಡಿಯಲ್ಲಿ, ನಮ್ಮವರು ಮುಂದಿನ ಬಂಡಿಯಲ್ಲಿ. ಸಮುದ್ರ ಕಂಡಾಗ ಅತ್ತೆ ಬಹಳ ಹೊತ್ತು ನೋಡಿದರು. ಇಷ್ಟೊಂದು ನೀರು ಯಾರ ಹೊಲಕ್ಕೂ ಹೋಗದೆ ಸುಮ್ಮನೆ ಬಿದ್ದಿದೆಯಲ್ಲ ಎಂದು ಅವರಿಗೆ ಸಿಟ್ಟೇ ಬಂತು.

ಹಡಗಿನ ಯಜಮಾನನನ್ನು ಅಲ್ಲಿ ತಾಂಡೇಲ ಅನ್ನುತ್ತಾರೆ. ನಮ್ಮನ್ನು ಕೆಳಗೆ ಇಳಿಸುವ ಮೊದಲು ಆತ ತಲೆ ತುರಿಸಿಕೊಂಡ.

"ಒಳಗೆ ಸೆಕೆ ಅಮ್ಮ. ಮೇಲೆ ಒಳ್ಳೆ ಗಾಳಿ ಇರ್ತದೆ, ಅಲ್ಲೇ ಮಲಗಿ."

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮಾಳಿಗಿ ಮ್ಯಾಲೆ ನಾವು ಮೆಣಸಿನಕಾಯಿ ಒಣಗಸ್ತೀವಿ, ತಮ್ಮಾ. ಮಂದೀನ್ನ ಒಣಗಸೂದಿಲ್ಲ."

ಕೋಣೆ ಖಾಲಿಯೇ ಇತ್ತು. ಹಾದು ಹೋಗುವಾಗ ನಾನು ಬಗ್ಗಿ ನೋಡಿದೆ. ಎರಡು ಹಲಗೆ, ಒಂದು ಕಿಟಕಿ, ಅದರಾಚೆ ನೀಲಿ ನೀರು. ತಾಂಡೇಲ ಅದರಲ್ಲಿ ತನ್ನ ತೆಂಗಿನಕಾಯಿ ಮೂಟೆ ತುಂಬಿದ. ಅಂಥ ಕೋಣೆಯಲ್ಲಿ ತೆಂಗಿನಕಾಯಿಗಳು ಮುಂಬಯಿಗೆ ಹೊರಟದ್ದನ್ನು ನೋಡಿ ನನಗೆ ಅಳು ಬಂತು.

ಕೆಳಗೆ ಅಂಡಿಗೆಗಳ ನಡುವೆ ಎರಡು ಚಾಪೆ ಹಾಸುವಷ್ಟು ಜಾಗ. ಮೇಲಿನ ಏಣಿಯ ಬಾಯಿಂದ ಒಂದಿಷ್ಟು ಬೆಳಕು. ಮೊದಲ ಒಂದು ತಾಸು ಅತ್ತೆ ಭಾಳ ಖುಷಿಯಲ್ಲಿದ್ದರು. ಅಂಡಿಗೆಗೆ ಒರಗಿ ಕುಂತು, "ನಮ್ಮ ಮನಿ ಕ್ವಾಣಿ ಇದ್ದಂಗ ಅದ ನೋಡ" ಎಂದರು. ಆಮೇಲೆ ಹಡಗು ಬಂದರು ಬಿಟ್ಟಿತು. ನಮ್ಮ ಮನೆಯ ಕೋಣೆ ಎಂದೂ ಅಲ್ಲಾಡಿದ್ದಿಲ್ಲ.

ಅತ್ತೆ ನಾಲ್ಕು ದಿನ ತಲೆ ಎತ್ತಲಿಲ್ಲ. ಕಟಕು ರೊಟ್ಟಿ, ಅಗಸಿ ಹಿಂಡಿ, ಏನು ಕೊಟ್ಟರೂ ಒಳಗೆ ನಿಲ್ಲುತ್ತಿರಲಿಲ್ಲ. ಹತ್ತಿಯ ಧೂಳಿಗೆ ಸೀನು, ಸೆಕೆಗೆ ಬೆವರು. ನನಗೆ ಮಾತ್ರ ಏನೂ ಆಗಲಿಲ್ಲ. ಹೊಟ್ಟೆ ಗಟ್ಟಿ ಇದ್ದದ್ದಕ್ಕೆ ಅತ್ತೆಯ ಎದುರು ನಾಚಿಕೆಯೂ ಆಯಿತು. ಮೇಲೆ ಹೋಗೋಣ ಬರ್ರಿ ಎಂದು ನಾನು ಎಷ್ಟು ಸಲ ಅಂದೆನೋ. "ಗಂಡಸರ ಮುಂದ ಹಿಂಗ ಬಿದ್ದಕೊಳ್ಳಲಿ ಏನು" ಅನ್ನುತ್ತಿದ್ದರು. ನೀರು, ನಿಂಬೆಹಣ್ಣು, ಒಣ ಬಟ್ಟೆ, ಪ್ರತಿಯೊಂದಕ್ಕೂ ನಾನೇ ಏಣಿ ಹತ್ತಬೇಕು.

ಏಣಿ ಹತ್ತಿದರೆ ಎದುರಿಗೆ ನಮ್ಮವರು. ಪಟ ಕಟ್ಟುವ ದೊಡ್ಡ ಕಂಬದ ಬುಡದಲ್ಲಿ ಕುಂತಿರುತ್ತಿದ್ದರು. ಸುತ್ತ ಹತ್ತು ಮಂದಿ ಖಲಾಸಿಗಳು ಹಗ್ಗ ಎಳೆಯುತ್ತ, ಮೀನು ಹುರಿಯುತ್ತ, ನಮ್ಮಿಬ್ಬರನ್ನೇ ನೋಡುತ್ತ ಇದ್ದರು. ಅಷ್ಟು ಮಂದಿಯ ಮುಂದೆ ಗಂಡನ ಜೊತೆ ಮಾತಾಡುವುದೆಂದರೇನು? ಸೆರಗು ಮುಂದೆ ಎಳೆದುಕೊಂಡು ನಾನು ಕಂಬಕ್ಕೆ ಹೇಳಿದೆ.

"ಅತ್ತಿಯವರಿಗೆ ನಿಂಬಿಹಣ್ಣ ಬೇಕಂತ."

ನಮ್ಮವರೂ ಕಂಬಕ್ಕೇ ಉತ್ತರ ಕೊಟ್ಟರು. "ಬುಟ್ಟ್ಯಾಗ ಅದಾವ."

"ಬುಟ್ಟಿ ಎಲ್ಲೈತೆಂತ."

"ಇಲ್ಲೇ ಬಾಜೂಕ ಐತಿ."

ಬುಟ್ಟಿಯನ್ನು ಎತ್ತಿ ನನ್ನ ಕೈಗೆ ಕೊಡಬಹುದಿತ್ತು. ಕಂಬದ ಬುಡಕ್ಕೆ ಇಟ್ಟರು, ನಾನು ಅಲ್ಲಿಂದ ಎತ್ತಿಕೊಂಡೆ. ನಾಲ್ಕು ದಿನ ಹೀಗೇ ನಡೆಯಿತು. ಆ ಕಂಬ ಒಂದು ಮಾತೂ ಆಡದೆ ನಮ್ಮಿಬ್ಬರ ಸಂಸಾರ ನಡೆಸಿತು. ಗಾಳಿ ಮಾತ್ರ ನನ್ನ ಹರಕೆ ಕೇಳದೆ ಭರ್ತಿ ಬೀಸುತ್ತಿತ್ತು. ನಾಳೆ ನಾಡಿದ್ದರಲ್ಲಿ ಮುಂಬಯಿ ಎಂದು ತಾಂಡೇಲ ಹೇಳಿದಾಗ ನನ್ನ ಎದೆ ಒಡೆದುಹೋಯಿತು.

ಐದನೆಯ ದಿನ ಬೆಳಿಗ್ಗೆ ಅತ್ತೆ ಎದ್ದು ಕುಂತರು. ಮುಖ ಬಿಳಚಿಕೊಂಡಿತ್ತು. "ಮರ್ಯಾದಿ ಇರಲಿ, ಜೀವಾ ಮೊದಲ" ಎಂದು ನನ್ನ ಹೆಗಲು ಹಿಡಿದು ಏಣಿ ಹತ್ತಿದರು. ಮೇಲೆ ಗಾಳಿ ಮುಖಕ್ಕೆ ಬಡಿದದ್ದೇ ಒಂದು ದೊಡ್ಡ ಉಸಿರು ಎಳೆದರು. ಚಾಪೆಯ ನೆರಳಿನಲ್ಲಿ ಮಲಗಿಸಿದೆ. ಒಂದು ತಾಸಿನಲ್ಲಿ ಅರ್ಧ ರೊಟ್ಟಿ ತಿಂದರು, ಅದು ಹೊಟ್ಟೆಯಲ್ಲಿ ನಿಂತಿತು. "ಆ ನರಗುಂದದ ಸಾಹೇಬ ಖರೇನಽ ಹೇಳಿದ್ದ" ಎಂದು ಆಕಾಶ ನೋಡುತ್ತ ಒಪ್ಪಿಕೊಂಡರು. ಆಮೇಲೆ ಮಗ್ಗಲಾಗಿ ಮಲಗಿ, ನಾನು ಕಂಬಕ್ಕೆ "ನೀರಿನ ಕೊಡ ಎಲ್ಲೈತೆಂತ" ಅನ್ನುವುದನ್ನೂ, ಮಗ "ಹಿಂದ ಐತಿ" ಅನ್ನುವುದನ್ನೂ ಕೇಳಿದರು. ಅದು ಎರಡು ಸಲ ಆಯಿತು. ಮೂರನೆಯ ಸಲ ಅತ್ತೆ ಕಣ್ಣು ತೆರೆಯದೆ ಮಾತಾಡಿದರು.

"ಆ ಕಂಬಕ್ಕ ಎಷ್ಟ ದಿನಾ ಅಂತ ತ್ರಾಸ ಕೊಡ್ತೀರಿ? ಕೆಳಗ ಹತ್ತಿ ತೊಯ್ದಿರಬೇಕು, ನೀರಿನ ವಾಸನಿ ಬರತಿತ್ತು. ಇಬ್ಬರೂ ಹೋಗಿ ಎಲ್ಲಾ ಅಂಡಿಗಿ ಮುಟ್ಟಿ ನೋಡಿ ಬರ್ರಿ. ಲಗೂ ಬರಬ್ಯಾಡ್ರಿ. ನನಗ ನಿದ್ದಿ ಬಂದದ."

ನಾಲ್ಕು ದಿನ ಆ ಹತ್ತಿಗೆ ಮೂಗು ಹಚ್ಚಿ ಮಲಗಿದವಳು ನಾನು, ನೀರಿನ ವಾಸನೆ ಎಳ್ಳಷ್ಟೂ ಇರಲಿಲ್ಲ. ಆದರೂ ಸುಮ್ಮನೆ ಇಳಿದೆ. ಹಿಂದಿನಿಂದ ನಮ್ಮವರು ಇಳಿದರು.

ಕೆಳಗೆ ಬಂದ ನಮ್ಮವರು ಮಾಡಿದ್ದೇನು? ಅಂಡಿಗೆ ಮುಟ್ಟಿ ನೋಡತೊಡಗಿದರು. ಒಂದಾದ ಮೇಲೆ ಒಂದು, ಅಂಗೈ ಒತ್ತಿ, ಮೂಲೆ ಹಿಂಡಿ, ಮೂಸಿ. ಐದಾರು ಅಂಡಿಗೆ ಆಗುವವರೆಗೆ ನಾನು ತಡೆದುಕೊಂಡೆ.

"ಹತ್ತಿ ಒಣಗೇ ಐತ್ರಿ. ನಂದೊಂದ ಮಾತ ಕೇಳ್ರಿ."

"ಹೇಳು."

"ತಿಂಗಳಾದ ಮ್ಯಾಲೆ ನಾ ತಿರುಗಿ ಹೋಗೂದೋ, ನಿಮ್ಮ ಕೂಡ ಇರೂದೋ?"

"ಅಪ್ಪಾ ಹೇಳ್ಯಾನಲ್ಲ, ತಿರುಗಿ ಹೋಗೂದು ಅಂತ."

"ಮಾವನವರು ಹೇಳಿದ್ದು ನನಗೂ ಕೇಳಿಸೇತಿ. ನೀವು ಏನಂತೀರಿ?"

ಅವರು ಇನ್ನೊಂದು ಅಂಡಿಗೆಯ ಮೇಲೆ ಕೈ ಇಟ್ಟರು. "ಅವ್ವನ್ನ ಕೇಳಬೇಕಾಗತದ."

ನನ್ನ ಮೂಗಿನ ತುದಿಯ ಸಿಟ್ಟು ಬಾಯಿಗೆ ಬಂತು. "ನಾ ಲಗ್ನ ಆಗಿದ್ದು ನಿಮ್ಮನ್ನ, ಅತ್ತಿಯವರನ್ನಲ್ಲ. ನಾಕ ವರ್ಷದಾಗ ನಾ ನಿಮ್ಮನ್ನ ಕೇಳಿದ್ದು ಇದೊಂದಽ ಮಾತು. ಹೋಗು ಅಂದ್ರ ಹೋಗತೀನಿ, ಅತ್ತು ಕರೆದು ಮಾಡೂದಿಲ್ಲ. ಆದ್ರ ಅದನ್ನ ನಿಮ್ಮ ಬಾಯಿಲೆ ಹೇಳ್ರಿ. ಒಂದ ತಿಂಗಳ ಊರೂರ ತಿರಗಿ ಈ ಕತ್ತಲಿ ಹುಡಿಕಿದ್ರಿ, ಅಲ್ಲಿ ಕ್ವಾಣ್ಯಾಗ ತೆಂಗಿನಕಾಯಿ ಆರಾಮ ಮಲಗ್ಯಾವ."

ನಮ್ಮವರು ಅಂಡಿಗೆಯ ಮೇಲೆ ಕುಂತುಬಿಟ್ಟರು. ಏಣಿಯ ಬೆಳಕು ಅವರ ಮೊಳಕಾಲಿನವರೆಗೆ ಮಾತ್ರ ಬರುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

"ಈ ಜಾಗಾ ಯಾಕ ಹಿಡದೆ ಅಂತ ತಿಳದಿ? ಕ್ವಾಣ್ಯಾಗ ಇಬ್ಬರಿಗಽ ಜಾಗಾ. ಅವ್ವಾ ನೀನೂ ಅಲ್ಲಿ ಮಲಗಿದ್ರ, ಏನ್ ನೆವಾ ಹೇಳಿ ನಾ ಒಳಗ ಬರಲಿ? ಮ್ಯಾಲೆ ಇಟ್ಟರ ಖಲಾಸಿಗಳ ಕಣ್ಣು. ಇಲ್ಲೆ ಆದ್ರ ಹತ್ತಿ ಐತಿ. ಹತ್ತಿ ನೋಡಾಕ ಅಂತ ದಿನಾ ಬಂದರೂ ಯಾರೂ ಏನೂ ಅನ್ನೂದಿಲ್ಲ. ಅವ್ವಾ ನಿದ್ದಿ ಹತ್ತಿದ ಮ್ಯಾಲೆ ನಿನ್ನ ಕೂಡ ನಾಕ ಮಾತ ಆಡಬಹುದು ಅಂತ. ಅದನ್ನ ಹೊಂದಸಾಕ ನನಗ ತಿಂಗಳ ಹಿಡೀತು."

ಸವಡಿ, ಜಕ್ಕಲಿ, ರೋಣ, ನರಗುಂದ, ಇಷ್ಟು ಊರು ಸುತ್ತಿದ್ದು ನನ್ನ ಕೂಡ ನಾಲ್ಕು ಮಾತಾಡುವ ಜಾಗ ಹುಡುಕಲಿಕ್ಕೆ. ಎಲ್ಲರನ್ನೂ ಕೇಳಿದ್ದು ಮಾತ್ರ ಬೇರೆಯದನ್ನೇ. ಇಂಥ ಮನುಷ್ಯನನ್ನು ಬೈಯಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ.

"ಮತ್ತ ನಾಕ ದಿನಾ ಯಾಕ ಬರಲಿಲ್ಲ?"

"ದಿನಾ ಏಣಿ ತನಕ ಬಂದೀನಿ. ಅವ್ವಾ ನರಳೂದು ಕೇಳಸ್ತಿತ್ತು. ನನ್ನ ಸಲುವಾಗಿ ಆಕಿ ಇಲ್ಲಿ ಸಾಯಾಕತ್ತಾಳ ಅಂತ ಅನಿಸಿ ತಿರಗಿ ಹೋಗತಿದ್ದೆ."

ಆಮೇಲೆ ಅವರು ಎದ್ದು ನಿಂತರು. ತಲೆಗೆ ಮೇಲಿನ ಹಲಗೆ ಬಡಿಯಿತು. ಅದನ್ನು ಉಜ್ಜಿಕೊಳ್ಳುತ್ತ, "ಇರು" ಎಂದರು. "ನನ್ನ ಕೂಡ ಇರು. ನನಗ ಆ ಊರಾಗ ಒಬ್ಬನಽ ಇರಾಕ ಆಗೂದಿಲ್ಲ." ನಾನು ಸಂತೋಷಕ್ಕೆ ಅತ್ತುಬಿಟ್ಟೆ. ಅತ್ತು ಕರೆದು ಮಾಡುವುದಿಲ್ಲ ಎಂದು ಈಗಷ್ಟೇ ಹೇಳಿದ್ದು ನೆನಪಾಗಿ ಸೆರಗಿನಿಂದ ಮುಖ ಒರೆಸಿಕೊಂಡೆ. ಮೈತುಂಬ ಹತ್ತಿಯ ಎಳೆ ಅಂಟಿತ್ತು, ಇಬ್ಬರಿಗೂ.

ನಾನೇ ಮೊದಲು ಮೇಲೆ ಬಂದೆ. ಮಾವನವರಿಗೆ ಯಾರು ಹೇಳಬೇಕು, ಅತ್ತೆಯನ್ನು ಹೇಗೆ ಒಪ್ಪಿಸಬೇಕು ಎಂದು ಏಣಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತು ಹೊಂದಿಸಿಕೊಂಡು ಬಂದಿದ್ದೆ. ಜಗಳಕ್ಕೆ ಸೆರಗು ಕಟ್ಟಿಕೊಂಡೇ ಬಂದಿದ್ದೆ ಅನ್ನಿ. ಅತ್ತೆ ಹಡಗಿನ ಅಂಚಿಗೆ ಗೋಡೆಯಂತೆ ಎದ್ದ ಹಲಗೆಯ ಕಡೆ ಮುಖ ಮಾಡಿ ಮಲಗಿದ್ದರು. ತಿರುಗಲಿಲ್ಲ.

"ಏನಂದಾ?" ಎಂದರು.

ನನ್ನ ಹೊಂದಿಸಿದ ಮಾತೆಲ್ಲ ಹಾರಿಹೋಯಿತು. "ಇರು ಅಂದ್ರರಿ."

"ಅಂದನಾ. ಚಲೋ ಆತು. ನಾ ನಿಮ್ಮ ಮಾವಗ ಹೇಳತೀನಿ, ಅಡಗಿಯವಗ ರೊಟ್ಟಿ ಬರಲೇ ಇಲ್ಲ ಅಂತ."

ನಾನು ಅವರ ಪಕ್ಕದಲ್ಲಿ ಕುಂತೆ. ಗೆದ್ದೆ ಅನ್ನುವ ಖುಷಿ ಇನ್ನೂ ಎದೆಯಲ್ಲಿ ಕುಣಿಯುತ್ತಿತ್ತು. ದೂರದಲ್ಲಿ ದಂಡೆಯ ಗುಡ್ಡಗಳು ಕಾಣುತ್ತಿದ್ದವು. ಅತ್ತೆಗೆ ನಿದ್ದೆ ಹತ್ತಿತೇನೋ ಎಂದುಕೊಂಡೆ.

"ಹಂಗಾದ್ರ ಬರೂ ತಿಂಗಳ ಈ ಹಡಗಿನಾಗ ನಾ ಒಬ್ಬಾಕಿ" ಎಂದರು.

ಆಗ ಅವರ ಕೈ ನೋಡಿದೆ. ಚಾಪೆಯ ಅಂಚನ್ನು ಬೆರಳು ಬೆಳ್ಳಗಾಗುವ ಹಾಗೆ ಹಿಡಿದಿದ್ದರು. ಇಪ್ಪತ್ತಾರು ಮಂದಿಯನ್ನು ಕಣ್ಣಿನಲ್ಲೇ ಆಳಿದ ಹೆಣ್ಣುಮಗಳು ಅವರು. ನಮ್ಮನ್ನು ಕೆಳಗೆ ಕಳಿಸುವ ಮೊದಲೇ ಅವರಿಗೆ ಇದು ಗೊತ್ತಿತ್ತು, ನನಗೆ ಮಾತ್ರ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಊರ ಕಡೆ ಹೋಗುವವರ ಜೊತೆ ಕಳಿಸುತ್ತೇವೆ, ಮೇಲೆಯೇ ಮಲಗಿರಿ, ನಿಂಬೆಹಣ್ಣು ಕಟ್ಟಿಕೊಡುತ್ತೇನೆ ಎಂದು ಏನೇನೋ ಹೇಳಲು ಹೋದೆ. ಒಂದೂ ಮಾತು ಸರಿ ಅನಿಸಲಿಲ್ಲ. ಅವರ ಬೆರಳುಗಳನ್ನು ಚಾಪೆಯಿಂದ ಬಿಡಿಸಿ ನನ್ನ ಕೈಯಲ್ಲಿ ಹಿಡಿದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ಬಿದ್ದುಹೋಗಿ ಹಡಗು ಅಲ್ಲಾಡದೆ ನಿಂತಿತು. ಆದರೂ ಅತ್ತೆ ನನ್ನ ಕೈ ಬಿಡಲಿಲ್ಲ.